ಹಳೆಯ ತೈಲನಿಕ್ಷೇಪಕ್ಕೆ ಹಬೆ ಕೊಟ್ಟರೆ ಶಾಖ ಎಲ್ಲಿಗೆ ಹೋಗುತ್ತದೆ?

ಮಂದತೈಲ:

ಎಲ್ಲರಿಗೂ ನಮಸ್ಕಾರ. ಹತ್ತು ವರ್ಷ ತೈಲ ಸಂಸ್ಕರಣಾಗಾರದಲ್ಲಿ ಕೆಲಸ ಮಾಡಿ, ಈಚೆಗಷ್ಟೇ ಬಾವಿಗಳ ಯೋಜನೆ ನೋಡಿಕೊಳ್ಳುವ ವಿಭಾಗಕ್ಕೆ ಬಂದಿದ್ದೇನೆ. ನೆಲದ ಮೇಲಿನ ಕೊಳವೆ, ಕುಲುಮೆ, ಪಂಪುಗಳ ಲೆಕ್ಕ ಕೈಗೆ ಹತ್ತಿದೆ. ನೆಲದ ಕೆಳಗಿನದು ಮಾತ್ರ ಇನ್ನೂ ಕತ್ತಲೆಯಲ್ಲಿ ತಡಕಾಡುವ ಕೆಲಸವಾಗಿಯೇ ಉಳಿದಿದೆ.

ನಮ್ಮ ಮುಂದಿರುವುದು ಸುಮಾರು 600 ಮೀಟರ್ ಆಳದಲ್ಲಿರುವ, 18 ಮೀಟರ್ ದಪ್ಪದ, ಸಡಿಲ ಮರಳುಗಲ್ಲಿನ ಒಂದು ಹಳೆಯ ನಿಕ್ಷೇಪ. ಪದರದ ಸಹಜ ತಾಪಮಾನವಾದ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೈಲದ ಸ್ನಿಗ್ಧತೆ (ಹರಿಯಲು ಅದು ತೋರುವ ಪ್ರತಿರೋಧ) 2,000 ಸೆಂಟಿಪಾಯ್ಸ್‌ನ ಆಸುಪಾಸಿನಲ್ಲಿದೆ. ಒಟ್ಟು ತೈಲದಲ್ಲಿ ಈವರೆಗೆ ಮೇಲೆ ಬಂದಿರುವುದು ಶೇಕಡಾ 15ರಷ್ಟು ಮಾತ್ರ. ಪೂರ್ವಭಾಗಕ್ಕೆ ಹಲವು ವರ್ಷ ನೀರು ತುಂಬಿಸಿದ್ದಾರೆ. ಅಲ್ಲಿ ಒತ್ತಡ ಈಗಲೂ 55 ಬಾರ್ ಇದೆ. ಪಶ್ಚಿಮಭಾಗಕ್ಕೆ ನೀರು ಕೊಟ್ಟೇ ಇಲ್ಲ; ಅಲ್ಲಿ ಒತ್ತಡ 10 ಬಾರ್‌ಗೆ ಕುಸಿದಿದೆ, ಬಾವಿಗಳು ಹೆಸರಿಗಷ್ಟೇ ಬದುಕಿವೆ.

ಈಗ ಹಬೆ ತುಂಬಿಸುವ ಮಾತು ಎದ್ದಿದೆ. ಒತ್ತಡ ಉಳಿದಿರುವ ಪೂರ್ವಭಾಗದಲ್ಲೇ ಮೊದಲು ಆರಂಭಿಸೋಣ ಎನ್ನುವುದು ವಿಭಾಗದ ಹೆಚ್ಚಿನವರ ಅಭಿಪ್ರಾಯ, ನನಗೂ ಅದೇ ಸರಿ ಎನ್ನಿಸಿದೆ. ಆದರೂ ಎರಡು ಅನುಮಾನಗಳು ಕಾಡುತ್ತಿವೆ. ಅಷ್ಟೊಂದು ನೀರನ್ನು ಕುದಿಸಿ ನೆಲದೊಳಕ್ಕೆ ಕಳಿಸಲು ಬೇಕಾದ ಇಂಧನ, ಹೊರಬರುವ ತೈಲಕ್ಕಿಂತ ಹೆಚ್ಚಾಗಿಬಿಡುವುದಿಲ್ಲವೇ? ಮತ್ತು, ಈಗಾಗಲೇ ನೀರು ಕುಡಿದಿರುವ ಪದರಕ್ಕೆ ಹಬೆ ಕೊಡುವುದಕ್ಕೂ ನೀರು ಕಾಣದ ಪದರಕ್ಕೆ ಕೊಡುವುದಕ್ಕೂ ನಿಜವಾದ ವ್ಯತ್ಯಾಸವೇನು? ಅನುಭವಸ್ಥರು ತಿಳಿಸಬೇಕೆಂದು ಕೋರುತ್ತೇನೆ.

ಕಲ್ಲುಪದರ:

ಮಂದತೈಲ ಅವರೇ, ನಿಮ್ಮ ಎರಡನೆಯ ಪ್ರಶ್ನೆಯೇ ಮುಖ್ಯವಾದದ್ದು, ಆದರೆ ಅದಕ್ಕೆ ಬರುವ ಮೊದಲು ಶಾಖ ಏನು ಮಾಡುತ್ತದೆ ಎಂಬುದನ್ನು ನೋಡಿಬಿಡೋಣ.

ಮಂದತೈಲವನ್ನು ನೆಲದಲ್ಲಿ ಹಿಡಿದಿಡುವುದು ಅದರ ಸ್ನಿಗ್ಧತೆ. ನೀರಿನ ಸ್ನಿಗ್ಧತೆ ಕೋಣೆಯ ತಾಪಮಾನದಲ್ಲಿ ಸುಮಾರು 1 ಸೆಂಟಿಪಾಯ್ಸ್. ನಿಮ್ಮ ತೈಲದ್ದು ಅದರ ಎರಡು ಸಾವಿರ ಪಟ್ಟು. ಆದರೆ ಈ ಗುಣ ತಾಪಮಾನಕ್ಕೆ ಬಹಳ ಬೇಗ ಸೋಲುತ್ತದೆ. ಸಾವಿರಾರು ಸೆಂಟಿಪಾಯ್ಸ್ ಇರುವ ತೈಲ 180 ಅಥವಾ 200 ಡಿಗ್ರಿ ಮುಟ್ಟುವ ಹೊತ್ತಿಗೆ ಹತ್ತರ ಆಸುಪಾಸಿಗೆ ಇಳಿದಿರುತ್ತದೆ. ಗಮನಿಸಬೇಕಾದದ್ದೆಂದರೆ ಈ ಇಳಿಕೆಯ ಬಹುಪಾಲು ಮೊದಲ ನೂರು ಡಿಗ್ರಿಯಲ್ಲೇ ಮುಗಿದುಹೋಗುತ್ತದೆ. 200ರಿಂದ 300ಕ್ಕೆ ಏರಿಸಿದರೆ ಸಿಗುವ ಹೆಚ್ಚುವರಿ ಲಾಭ ತೀರ ಕಡಿಮೆ, ತೆರಬೇಕಾದ ಶಾಖ ಮಾತ್ರ ಪೂರ್ತಿ.

ಇದು ಕಾಗದದ ಮೇಲಿನ ಮಾತಲ್ಲ. ಕ್ಯಾಲಿಫೋರ್ನಿಯಾದ ಕರ್ನ್ ರಿವರ್ ನಿಕ್ಷೇಪ 1899ರಲ್ಲಿ ಪತ್ತೆಯಾಯಿತು. 1942ರಲ್ಲಿ ಅಲ್ಲಿ ಇನ್ನು ತೆಗೆಯಬಹುದಾದದ್ದು 5.4 ಕೋಟಿ ಬ್ಯಾರೆಲ್ ಮಾತ್ರ ಎಂದು ಅಂದಾಜಿಸಿದ್ದರು. ಮುಂದಿನ 44 ವರ್ಷಗಳಲ್ಲಿ ಹೊರಬಂದದ್ದು 73.6 ಕೋಟಿ ಬ್ಯಾರೆಲ್. 2007ರಲ್ಲಿ ಒಟ್ಟು ಉತ್ಪಾದನೆ 200 ಕೋಟಿ ಬ್ಯಾರೆಲ್ ದಾಟಿತು. ನೆಲದಲ್ಲಿದ್ದ ತೈಲ ಹೆಚ್ಚಾಗಲಿಲ್ಲ. 1960ರ ದಶಕದಿಂದ ದೊಡ್ಡ ಪ್ರಮಾಣದಲ್ಲಿ ಹಬೆ ಕೊಟ್ಟದ್ದರಿಂದ ತೆಗೆಯಬಹುದಾದ ಪಾಲು ಹೆಚ್ಚಿತು.

ಆವರ್ತ ಹಬೆ ವಿಧಾನವಂತೂ ಒಂದು ಅವಘಡದ ಕೂಸು. 1959ರಲ್ಲಿ ವೆನೆಜುವೆಲಾದ ಮೆನೆ ಗ್ರಾಂಡೆಯಲ್ಲಿ ಹಬೆಯಿಂದ ತೈಲವನ್ನು ಒಂದು ಬಾವಿಯಿಂದ ಇನ್ನೊಂದಕ್ಕೆ ತಳ್ಳುವ ಪ್ರಯೋಗ ನಡೆದಿತ್ತು. ಹಬೆ ನೆಲ ಸೀಳಿಕೊಂಡು ಮೇಲೆ ಬಂತು. ಒತ್ತಡ ಇಳಿಸಲೆಂದು ಹಬೆ ತುಂಬಿಸುತ್ತಿದ್ದ ಬಾವಿಗಳನ್ನೇ ತೆರೆದರೆ, ಅವುಗಳಿಂದ ದಿನಕ್ಕೆ ನೂರಾರು ಬ್ಯಾರೆಲ್ ತೈಲ ಉಕ್ಕಿತು. ಕೆಲವು ವಾರ ಹಬೆ ತುಂಬು, ಕೆಲವು ದಿನ ಬಾಯಿ ಮುಚ್ಚಿ ನೆನೆಯಲು ಬಿಡು, ಆಮೇಲೆ ಅದೇ ಬಾವಿಯಿಂದ ತಿಂಗಳುಗಟ್ಟಲೆ ತೈಲ ಎತ್ತು ಎಂಬ ಇಂದಿನ ಪದ್ಧತಿ ಅಲ್ಲಿಂದ ಬಂದದ್ದು.

ಈಗ ನಿಮ್ಮ ಪ್ರಶ್ನೆಯ ಬುಡಕ್ಕೆ ಬರುತ್ತೇನೆ. ನಾವು ತೈಲವನ್ನು ಬಿಸಿಮಾಡುತ್ತೇವೆ ಎಂದು ಬಾಯಲ್ಲಿ ಹೇಳುತ್ತೇವೆ, ನಿಜದಲ್ಲಿ ಬಿಸಿಮಾಡುವುದು ಕಲ್ಲನ್ನು. ಒಂದು ಘನಮೀಟರ್ ಮರಳುಗಲ್ಲಿನಲ್ಲಿ ಶೇಕಡಾ 70 ಭಾಗ ಮರಳೇ. ಉಳಿದ 30 ಭಾಗದ ರಂಧ್ರಗಳಲ್ಲಿ ತೈಲವೂ ನೀರೂ ಹಂಚಿಕೊಂಡು ಕುಳಿತಿವೆ. ತೈಲವಷ್ಟನ್ನೇ ಆರಿಸಿ ಬಿಸಿಮಾಡುವ ಉಪಾಯ ಹಬೆಗೆ ಗೊತ್ತಿಲ್ಲ. ಆದ್ದರಿಂದ ಒಂದು ಘನಮೀಟರ್ ಪದರವನ್ನು ಬಿಸಿಮಾಡುವ ಖರ್ಚು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ; ಅದರಲ್ಲಿ ಎಷ್ಟು ತೈಲ ಉಳಿದಿದೆ ಎಂಬುದು ಮಾತ್ರ ಬದಲಾಗುತ್ತದೆ. ಈ ಒಂದು ವಾಕ್ಯವನ್ನು ಹಿಡಿದುಕೊಂಡು ನಿಮ್ಮ ಪೂರ್ವ ಪಶ್ಚಿಮ ಭಾಗಗಳನ್ನು ಮತ್ತೆ ನೋಡಿ. ಎರಡೂ ಕಡೆ ರಂಧ್ರಗಳಲ್ಲಿ ತೈಲದ ಪಾಲು ಎಷ್ಟಿದೆ ಎಂದು ತಿಳಿಸಿದರೆ ಲೆಕ್ಕ ಹಾಕಬಹುದು.

ಬಾಯ್ಲರ್‌ಮನೆ:

ಇಂಧನದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ಇದು ನನ್ನ ದಿನನಿತ್ಯದ ಅಡಚಣೆ.

ನಮ್ಮಲ್ಲಿ ಹಬೆಯನ್ನು ಬ್ಯಾರೆಲ್‌ನಲ್ಲೇ ಅಳೆಯುತ್ತಾರೆ. ಎಂದರೆ, ಆ ಹಬೆ ತಣ್ಣನೆಯ ನೀರಾಗಿದ್ದಾಗ ಎಷ್ಟು ಬ್ಯಾರೆಲ್ ಇತ್ತು ಎಂಬ ಲೆಕ್ಕ. ಒಂದು ಬ್ಯಾರೆಲ್ ಎಂದರೆ 159 ಲೀಟರ್. 20 ಡಿಗ್ರಿಯ ನೀರನ್ನು 250 ಡಿಗ್ರಿಯ, ಶೇಕಡಾ 80 ಶುಷ್ಕತೆಯ (ತೂಕದಲ್ಲಿ 80 ಭಾಗ ಆವಿ, 20 ಭಾಗ ನೀರು) ಹಬೆಯಾಗಿಸಲು ಕಿಲೋಗ್ರಾಂಗೆ ಸುಮಾರು 2,370 ಕಿಲೋಜೂಲ್ ಬೇಕು. ಬ್ಯಾರೆಲ್‌ಗೆ 377 ಮೆಗಾಜೂಲ್ ಆಯಿತು. ಬಾಯ್ಲರಿನ ದಕ್ಷತೆ ಶೇಕಡಾ 85 ಎಂದುಕೊಂಡರೆ ಸುಡಬೇಕಾದ ಇಂಧನ ಸುಮಾರು 440 ಮೆಗಾಜೂಲ್. ಒಂದು ಬ್ಯಾರೆಲ್ ಕಚ್ಚಾತೈಲದಲ್ಲಿರುವುದು ಸುಮಾರು 6,100 ಮೆಗಾಜೂಲ್. ಹೀಗಾಗಿ ಒಂದು ಬ್ಯಾರೆಲ್ ತೈಲ ಸುಟ್ಟರೆ ಹದಿನಾಲ್ಕು ಬ್ಯಾರೆಲ್‌ನಷ್ಟು ಹಬೆ ಹುಟ್ಟುತ್ತದೆ.

ಒಂದು ಬ್ಯಾರೆಲ್ ತೈಲಕ್ಕೆ ಮೂರು ಬ್ಯಾರೆಲ್ ಹಬೆ ಖರ್ಚಾಗುವ ಕಡೆ, ಹೊರಬಂದ ತೈಲದ ಶಕ್ತಿಯಲ್ಲಿ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಬಾಯ್ಲರಿಗೆ ಹೋಗುತ್ತದೆ. ಏಳು ಬ್ಯಾರೆಲ್ ಹಬೆ ಬೇಕಾದರೆ ಅರ್ಧವೇ ಹೋಯಿತು. ಹದಿನಾಲ್ಕಕ್ಕೆ ಮುಟ್ಟಿದರೆ ನೀವು ತೈಲ ತೆಗೆದು ಅದೇ ತೈಲವನ್ನು ಸುಡುತ್ತಾ ಕುಳಿತಿದ್ದೀರಿ ಎಂದರ್ಥ. ವ್ಯವಹಾರದ ದೃಷ್ಟಿಯಿಂದ ಅದಕ್ಕೆ ಬಹಳ ಮೊದಲೇ ಬಾಗಿಲು ಹಾಕಬೇಕಾಗುತ್ತದೆ.

ಶೇಕಡಾ 80 ಏಕೆ, ಪೂರ್ತಿ ಒಣಹಬೆಯನ್ನೇ ಏಕೆ ಕಳಿಸಬಾರದು ಎಂದು ಹೊಸಬರು ಕೇಳುತ್ತಾರೆ. ನಮ್ಮ ಬಾಯ್ಲರುಗಳಿಗೆ ಸಿಗುವುದು ತೈಲದೊಂದಿಗೆ ಮೇಲೆ ಬಂದು, ಶುದ್ಧೀಕರಿಸಿ ಮತ್ತೆ ಬಳಸುವ ನೀರು. ಅದರಲ್ಲಿ ಕರಗಿರುವ ಲವಣಗಳು ಉಳಿದ 20 ಭಾಗದ ನೀರಿನಲ್ಲಿ ಕರಗಿಕೊಂಡೇ ಹೊರಹೋಗಬೇಕು. ಪೂರ್ತಿ ಆವಿ ಮಾಡಲು ಹೊರಟರೆ ಅವು ಕೊಳವೆಯ ಒಳಗೋಡೆಗೆ ಹೆಪ್ಪುಗಟ್ಟುತ್ತವೆ, ಆ ಜಾಗದಲ್ಲಿ ಕೊಳವೆ ಕೆಂಪಗೆ ಕಾದು ಉಬ್ಬುತ್ತದೆ. ಕತ್ತರಿಸಿ ತೆಗೆದ ಅಂಥ ಒಂದು ತುಂಡನ್ನು ನಾನು ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ: ಒಳಗೆ ಮೊಟ್ಟೆಯ ಚಿಪ್ಪಿನಷ್ಟೇ ದಪ್ಪದ ಬಿಳಿ ಪದರ, ಹೊರಗೆ ಹೆಬ್ಬೆರಳಿನಷ್ಟು ಉಬ್ಬು. ಸಿಲಿಕಾ ಮತ್ತು ಗಡಸುತನ ತೆಗೆಯುವ ಘಟಕಕ್ಕೆ ಹಣ ಕೊಡಲು ಯಾರಾದರೂ ಹಿಂದೆಮುಂದೆ ನೋಡಿದರೆ ಅದನ್ನು ಅವರ ಕೈಗೆ ಕೊಡುತ್ತೇನೆ.

ಇನ್ನೊಂದು ಮಾತು, ಒತ್ತಡದ ಕುರಿತು. ಹಬೆ ತನ್ನ ಶಾಖದ ಬಹುಭಾಗವನ್ನು ಗುಪ್ತೋಷ್ಣದ ರೂಪದಲ್ಲಿ ಹೊತ್ತೊಯ್ಯುತ್ತದೆ. ಕಲ್ಲಿಗೆ ತಾಗಿ ನೀರಾಗುವಾಗ ಅದನ್ನು ಬಿಟ್ಟುಕೊಡುತ್ತದೆ. ಈ ಗುಪ್ತೋಷ್ಣ 10 ಬಾರ್‌ನಲ್ಲಿ ಕಿಲೋಗ್ರಾಂಗೆ ಸುಮಾರು 2,014 ಕಿಲೋಜೂಲ್ ಇದ್ದರೆ, 55 ಬಾರ್‌ನಲ್ಲಿ 1,605ಕ್ಕೆ ಇಳಿಯುತ್ತದೆ, 150 ಬಾರ್‌ನಲ್ಲಿ ಸಾವಿರಕ್ಕೆ ಬರುತ್ತದೆ, 221 ಬಾರ್ ಮುಟ್ಟಿದರೆ ಸೊನ್ನೆ. ಆಳದ ನಿಕ್ಷೇಪಗಳಿಗೆ ಹಬೆ ಒಗ್ಗದಿರುವುದಕ್ಕೆ ದಾರಿಯಲ್ಲಿ ಸೋರಿಹೋಗುವ ಶಾಖದ ಜೊತೆಗೆ ಇದೂ ಒಂದು ಕಾರಣ. ಒತ್ತಡ ಉಳಿದಿರುವ ಕಡೆ ಮೊದಲು ಹಬೆ ಕೊಡೋಣ ಎಂಬ ನಿಮ್ಮ ವಿಭಾಗದ ಅಭಿಪ್ರಾಯವನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ನೋಡಿ.

ಮಂದತೈಲ:

ಇಬ್ಬರಿಗೂ ಧನ್ಯವಾದಗಳು. ರಂಧ್ರತೆ ಎರಡೂ ಕಡೆ ಶೇಕಡಾ 30. ಪಶ್ಚಿಮಭಾಗದಲ್ಲಿ ರಂಧ್ರಗಳ ಶೇಕಡಾ 60 ಭಾಗ ತೈಲವೇ ಇದೆ ಎಂದು ಈಚಿನ ಮಾಪನಗಳು ತೋರಿಸುತ್ತವೆ. ಪೂರ್ವಭಾಗದ್ದು ಅಷ್ಟು ಖಚಿತವಲ್ಲ. ನೀರು ಹಾದುಹೋದ ಜಾಗದಲ್ಲಿ ಶೇಕಡಾ 40 ಉಳಿದಿರಬಹುದು ಎಂದು ನಮ್ಮ ಭೂವಿಜ್ಞಾನಿಗಳು ಹೇಳುತ್ತಾರೆ. ಒತ್ತಡವಿದ್ದರೆ ತೈಲ ತಾನಾಗಿ ಬಾವಿಗೆ ಹರಿದು ಬರುತ್ತದೆಯಲ್ಲ, ಅದು ಅನುಕೂಲವೇ ತಾನೆ ಎಂಬ ನನ್ನ ತಿಳಿವಳಿಕೆ ಈಗ ಅಲುಗಾಡುತ್ತಿದೆ.

ಕಲ್ಲುಪದರ:

ಅಲುಗಾಡಲಿ. ಲೆಕ್ಕ ಮಾಡಿ ನೋಡೋಣ.

ತೈಲ, ನೀರು, ಮರಳು ಸೇರಿದ ಒಂದು ಘನಮೀಟರ್ ಪದರದ ತಾಪಮಾನವನ್ನು ಒಂದು ಡಿಗ್ರಿ ಏರಿಸಲು ಸುಮಾರು 2.4 ಮೆಗಾಜೂಲ್ ಬೇಕು. ಪಶ್ಚಿಮಭಾಗದಲ್ಲಿ ಒತ್ತಡ 10 ಬಾರ್; ಆ ಒತ್ತಡದಲ್ಲಿ ಹಬೆಯ ತಾಪಮಾನ 180 ಡಿಗ್ರಿ. ಪದರವನ್ನು 40ರಿಂದ 180ಕ್ಕೆ ತರಲು 336 ಮೆಗಾಜೂಲ್ ಸಾಕು. ಹಬೆ ಚೆನ್ನಾಗಿ ಹಾದುಹೋದ ಜಾಗದಲ್ಲಿ ಶೇಕಡಾ 15 ತೈಲ ಉಳಿಯುತ್ತದೆ ಎಂದುಕೊಂಡರೆ, 60ರಿಂದ 15ಕ್ಕೆ ಇಳಿದಾಗ ಘನಮೀಟರಿಗೆ 0.135 ಘನಮೀಟರ್, ಎಂದರೆ 0.85 ಬ್ಯಾರೆಲ್ ತೈಲ ಬಿಡುಗಡೆಯಾಗುತ್ತದೆ. ಬ್ಯಾರೆಲ್‌ಗೆ ಸುಮಾರು 395 ಮೆಗಾಜೂಲ್ ಬಿತ್ತು. ಹಬೆಯ ಲೆಕ್ಕದಲ್ಲಿ ಹೇಳುವುದಾದರೆ ಒಂದು ಬ್ಯಾರೆಲ್‌ಗಿಂತ ಸ್ವಲ್ಪ ಹೆಚ್ಚು.

ಪೂರ್ವಭಾಗದಲ್ಲಿ ಒತ್ತಡ 55 ಬಾರ್. ಹಬೆ 270 ಡಿಗ್ರಿಯಲ್ಲಿರಲೇಬೇಕು, ಇಲ್ಲದಿದ್ದರೆ ಅದು ಹಬೆಯಾಗಿ ಉಳಿಯುವುದೇ ಇಲ್ಲ. ಪದರವನ್ನು 230 ಡಿಗ್ರಿ ಏರಿಸಬೇಕು. ನೀರಿನ ಪಾಲು ಹೆಚ್ಚಿರುವುದರಿಂದ ಡಿಗ್ರಿಗೆ 2.5 ಮೆಗಾಜೂಲ್ ಹಿಡಿಯೋಣ, ಏಕೆಂದರೆ ಗಾತ್ರಕ್ಕೆ ಗಾತ್ರ ಹೋಲಿಸಿದರೆ ನೀರು ತೈಲದ ಎರಡು ಪಟ್ಟಿಗಿಂತ ಹೆಚ್ಚು ಶಾಖ ನುಂಗುತ್ತದೆ. ಒಟ್ಟು 575 ಮೆಗಾಜೂಲ್. ತೈಲ ಸಿಗುವುದು 40ರಿಂದ 15ಕ್ಕೆ ಇಳಿದಷ್ಟು, 0.47 ಬ್ಯಾರೆಲ್. ಬ್ಯಾರೆಲ್‌ಗೆ 1,220 ಮೆಗಾಜೂಲ್, ಹಬೆಯಲ್ಲಿ ಮೂರು ಬ್ಯಾರೆಲ್‌ಗಿಂತ ಹೆಚ್ಚು.

ಒಂದೇ ಕಲ್ಲು, ಒಂದೇ ತೈಲ, ಆದರೆ ಖರ್ಚು ಮೂರು ಪಟ್ಟು. ಇದು ಇನ್ನೂ ಸೋರಿಕೆಯನ್ನು ಸೇರಿಸದ ಲೆಕ್ಕ ಎಂಬುದನ್ನು ಮರೆಯಬೇಡಿ. ಪದರದ ಮೇಲೂ ಕೆಳಗೂ ಇರುವ ಜೇಡಿಪದರಗಳು ಶಾಖವನ್ನು ಎಡೆಬಿಡದೆ ಹೀರುತ್ತಿರುತ್ತವೆ. ಮಾರ್ಕ್ಸ್ ಮತ್ತು ಲಾಂಗೆನ್‌ಹೈಮ್ ಎಂಬಿಬ್ಬರು 1959ರಲ್ಲಿ ಪ್ರಕಟಿಸಿದ ಸರಳ ಸೂತ್ರವನ್ನು ಇಂದಿಗೂ ಮೊದಲ ಅಂದಾಜಿಗೆ ಬಳಸುತ್ತಾರೆ: ಬಿಸಿಯಾದ ಪ್ರದೇಶ ಹಿಗ್ಗಿದಷ್ಟೂ ಹೊಸ ಶಾಖದಲ್ಲಿ ಸೋರಿಕೆಯ ಪಾಲು ಏರುತ್ತಾ ಹೋಗುತ್ತದೆ, ಪದರ ತೆಳುವಾದಷ್ಟೂ ಅದು ಬೇಗ ಏರುತ್ತದೆ. 18 ಮೀಟರ್ ದಪ್ಪ ಕೆಟ್ಟದ್ದಲ್ಲ, ಆದರೂ ಕೆಲವು ವರ್ಷಗಳಲ್ಲಿ ಕೊಟ್ಟ ಶಾಖದ ಅರ್ಧದಷ್ಟು ಮೇಲೆ ಕೆಳಗೆ ಹೋಗಿದ್ದರೆ ಆಶ್ಚರ್ಯಪಡಬೇಡಿ. ಜೊತೆಗೆ ಹೊರಬರುವ ಬಿಸಿನೀರು, ಬಿಸಿತೈಲ ಹೊತ್ತು ತರುವ ಶಾಖ ಬೇರೆ. ಇವನ್ನೆಲ್ಲ ಸೇರಿಸಿದರೆ ಒಂದು ಬ್ಯಾರೆಲ್ ತೈಲಕ್ಕೆ ಪಶ್ಚಿಮಭಾಗ ಎರಡೂವರೆ ಮೂರು ಬ್ಯಾರೆಲ್ ಹಬೆಯಲ್ಲಿ ನಿಲ್ಲಬಹುದು, ಪೂರ್ವಭಾಗ ಏಳೆಂಟಕ್ಕೆ ಹೋಗುತ್ತದೆ. ಬಾಯ್ಲರ್‌ಮನೆಯವರು ಹೇಳಿದ ಅರ್ಧ ತೈಲ ಸುಡುವ ಸ್ಥಿತಿ ಅದೇ.

ಒತ್ತಡವಿದ್ದರೆ ತೈಲ ಹರಿಯುತ್ತದೆ ಎಂಬುದು ತೆಳುತೈಲಕ್ಕೆ ಸಲ್ಲುವ ಮಾತು. ನಿಮ್ಮ ಪೂರ್ವಭಾಗದಲ್ಲಿ ಒತ್ತಡ ಇದ್ದೂ ತೈಲ ಬರಲಿಲ್ಲವಲ್ಲ. ನೀರು ತೈಲವನ್ನು ತಳ್ಳುವ ಬದಲು ಅದರ ನಡುವೆ ಬೆರಳು ತೂರಿಸಿಕೊಂಡು ಮುಂದೆ ಓಡಿತು. ಹಬೆ ಕೊಟ್ಟರೆ ಅದು ಹಿಡಿಯುವುದೂ ಆ ನೀರಿನ ದಾರಿಯನ್ನೇ.

ಉರಿಗೆರೆ:

ಕಲ್ಲುಪದರ ಅವರ ಲೆಕ್ಕ ಒಪ್ಪಿದೆ, ಆದರೆ ಅದು ಪೂರ್ವಭಾಗವನ್ನು ಕೈಬಿಡಿ ಎಂದು ಹೇಳುವಂತಿದೆ. ಬಾಯ್ಲರನ್ನೇ ಬಿಟ್ಟು, ಪದರದೊಳಗೆ ಉರಿ ಹೊತ್ತಿಸುವ ವಿಧಾನವನ್ನು ಯಾರೂ ಎತ್ತಲಿಲ್ಲ.

ಬಾವಿಯ ಮೂಲಕ ಗಾಳಿ ತುಂಬಿಸಿ ತಳದಲ್ಲಿ ಹೊತ್ತಿಸಿದರೆ, ತೈಲದ ಅತಿಭಾರವಾದ ಅಂಶ ಇದ್ದಿಲಿನಂಥ ಕೋಕ್ ಆಗಿ ಮರಳಿಗೆ ಅಂಟಿಕೊಂಡು ಉರಿಯುತ್ತದೆ, ಅದಕ್ಕೆ ಮುಂದಿರುವ ಹಗುರಭಾಗ ಬಿಸಿಯಾಗಿ ಮುಂದಕ್ಕೆ ಸಾಗುತ್ತದೆ. ಉರಿಯ ಗೆರೆಯಲ್ಲಿ ತಾಪಮಾನ 400ರಿಂದ 600 ಡಿಗ್ರಿ. ಘನಮೀಟರಿಗೆ ಉರಿಯುವ ಕೋಕ್ 20ರಿಂದ 30 ಕಿಲೋಗ್ರಾಂ, ಅದೂ ಹೇಗೂ ಮಾರಲಾಗದ ಭಾಗ. ನೀರು ಕುದಿಸುವ ಗೋಜಿಲ್ಲ, ಬಾವಿಯ ದಾರಿಯಲ್ಲಿ ಶಾಖ ಸೋರುವ ಚಿಂತೆಯಿಲ್ಲ. ರೊಮೇನಿಯಾದ ಸುಪ್ಲಾಕು ದೆ ಬರ್ಕೌ ನಿಕ್ಷೇಪದಲ್ಲಿ 1964ರಲ್ಲಿ ಆರಂಭಿಸಿದ ಉರಿ ದಶಕಗಳ ಕಾಲ ಮುಂದುವರಿದಿದೆ. ಗುಜರಾತಿನ ಮೆಹ್ಸಾಣಾ ಬಳಿಯ ಬಲೋಲ್ ಮತ್ತು ಸಂಥಾಲ್ ನಿಕ್ಷೇಪಗಳು ಸುಮಾರು ಸಾವಿರ ಮೀಟರ್ ಆಳದಲ್ಲಿವೆ, ಪಕ್ಕದಿಂದ ನೀರಿನ ಒತ್ತಡವೂ ಬಲವಾಗಿದೆ; 1990ರಲ್ಲಿ ಬಲೋಲ್‌ನಲ್ಲಿ ಪ್ರಯೋಗ ಆರಂಭವಾಗಿ 1997ರಿಂದ ವಾಣಿಜ್ಯ ಮಟ್ಟದಲ್ಲಿ ಅಲ್ಲಿ ಒಎನ್‌ಜಿಸಿ ಈ ವಿಧಾನ ನಡೆಸಿತು. ನೀರು ಹೊಕ್ಕ ಪದರ ಎಂದ ಮಾತ್ರಕ್ಕೆ ಕೈಚೆಲ್ಲಬೇಕಿಲ್ಲ.

ಬಾಯ್ಲರ್‌ಮನೆ:

ಉರಿಗೆರೆ ಅವರೇ, ಬಾಯ್ಲರಿನ ಖರ್ಚನ್ನು ನೀವು ಕಂಪ್ರೆಸರಿಗೆ ವರ್ಗಾಯಿಸಿದ್ದೀರಿ ಅಷ್ಟೆ. ಒಂದು ಕಿಲೋಗ್ರಾಂ ಕೋಕ್ ಉರಿಯಲು ಸುಮಾರು 11 ಘನಮೀಟರ್ ಗಾಳಿ ಬೇಕು. 25 ಕಿಲೋಗ್ರಾಂಗೆ 275 ಘನಮೀಟರ್ ಗಾಳಿಯನ್ನು 55 ಬಾರ್‌ಗೂ ಮೇಲೆ ಒತ್ತಿ ಕಳಿಸಬೇಕು, ಅದೂ ಒಂದು ದಿನವೂ ನಿಲ್ಲಿಸದೆ. ಹಬೆ ಎರಡು ದಿನ ನಿಂತರೆ ಕಲ್ಲು ಬಿಸಿಯಾಗಿಯೇ ಇರುತ್ತದೆ. ಗಾಳಿ ನಿಂತರೆ ಉರಿ ಆರುತ್ತದೆ, ತೈಲ ಹಿಂದಕ್ಕೆ ಹರಿದು ಗಾಳಿಯ ಬಾವಿಗೇ ನುಗ್ಗಬಹುದು, ಮತ್ತೆ ಗಾಳಿ ಬಿಟ್ಟಾಗ ಅಲ್ಲಿ ಸ್ಫೋಟದ ಭಯ. ಉರಿಯದ ಆಮ್ಲಜನಕ ಉತ್ಪಾದನಾ ಬಾವಿಗೆ ತಲುಪಿದರೂ ಅದೇ ಭಯ. ಬಲೋಲ್ ಸುಪ್ಲಾಕುಗಳಲ್ಲಿ ಗೆದ್ದವರು ಈ ಶಿಸ್ತನ್ನು ವರ್ಷಗಟ್ಟಲೆ ಕಾಪಾಡಿಕೊಂಡವರು. ಮೊದಲ ಸಲ ಶಾಖಕ್ಕೆ ಕೈಹಾಕುವ ತಂಡಕ್ಕೆ ನಾನಂತೂ ಉರಿಯಿಂದ ಆರಂಭಿಸಿ ಎನ್ನಲಾರೆ.

ಹಳೇಕೇಸಿಂಗ್:

ಪದರದ ಬಗ್ಗೆ ಇಷ್ಟು ಚರ್ಚೆಯಾಯಿತು, ಬಾವಿಯ ಬಗ್ಗೆ ಒಬ್ಬರೂ ಕೇಳಲಿಲ್ಲ. ಮಂದತೈಲ ಅವರೇ, ನಿಮ್ಮ ಹಳೆಯ ಬಾವಿಗಳಲ್ಲೇ ಹಬೆ ಬಿಡುವ ಯೋಚನೆಯಿದ್ದರೆ ದಯವಿಟ್ಟು ಇದನ್ನು ಓದಿ.

ಉಕ್ಕಿನ ಕೊಳವೆ ಕಾದರೆ ಉದ್ದವಾಗುತ್ತದೆ. 500 ಮೀಟರ್ ಉದ್ದದ ಕೊಳವೆ 250 ಡಿಗ್ರಿ ಏರಿದರೆ ಒಂದೂವರೆ ಮೀಟರ್ ಬೆಳೆಯಬೇಕು. ಆದರೆ ಬಾವಿಯ ಹೊರಗವಚವಾದ ಕೇಸಿಂಗ್‌ಗೆ ಸುತ್ತಲೂ ಸಿಮೆಂಟು ಹಿಡಿದಿರುತ್ತದೆ, ಬೆಳೆಯಲು ಜಾಗವಿಲ್ಲ. ಬೆಳೆಯಲಾಗದ ಉಕ್ಕಿನೊಳಗೆ ಪ್ರತಿ ಡಿಗ್ರಿಗೆ ಸುಮಾರು 2.5 ಮೆಗಾಪ್ಯಾಸ್ಕಲ್ ಒತ್ತಡ ಸೇರುತ್ತಾ ಹೋಗುತ್ತದೆ. ಹಳೆಯ ಬಾವಿಗಳಲ್ಲಿ ಸಾಮಾನ್ಯವಾಗಿ ಸಿಗುವ ಕೆ-55 ದರ್ಜೆಯ ಉಕ್ಕು 379 ಮೆಗಾಪ್ಯಾಸ್ಕಲ್ ಮುಟ್ಟಿದರೆ ಶಾಶ್ವತವಾಗಿ ಸೊರಗುತ್ತದೆ; ಎಂದರೆ 150 ಡಿಗ್ರಿ ಏರಿಕೆಯಲ್ಲೇ ಅದರ ಕಥೆ ಮುಗಿಯಿತು. ವಿಚಿತ್ರವೆಂದರೆ ಬಾವಿ ಕೆಡುವುದು ಬಿಸಿಯಾಗಿರುವಾಗಲ್ಲ. ಬಿಸಿಯಲ್ಲಿ ಒತ್ತಿಕೊಂಡು ಗಿಡ್ಡವಾದ ಕೊಳವೆ ತಣಿಯುವಾಗ ಇನ್ನಷ್ಟು ಕುಗ್ಗಲು ನೋಡುತ್ತದೆ, ಸಿಮೆಂಟು ಬಿಡುವುದಿಲ್ಲ, ಆಗ ಎಳೆತ ಹುಟ್ಟಿ ಜೋಡಣೆಯ ತಿರುಪು ಮರೆಗಳಲ್ಲಿ ಕಿತ್ತುಕೊಳ್ಳುತ್ತದೆ.

ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ, ಹೊಸ ಬಾವಿ ಕೊರೆಯುವ ಹಣ ಉಳಿಸಲೆಂದು ಮೂವತ್ತು ವರ್ಷದ ಬಾವಿಗೆ ಆವರ್ತ ಹಬೆ ಕೊಟ್ಟರು. ಮೊದಲ ಆವರ್ತ ಸೊಗಸಾಗಿ ನಡೆಯಿತು, ಎಲ್ಲರೂ ಬೆನ್ನು ತಟ್ಟಿಕೊಂಡರು. ಎರಡನೆಯ ಆವರ್ತ ಮುಗಿದು ಬಾವಿ ತಣಿದ ಮೇಲೆ ಪಂಪು ಬದಲಿಸಲು ಉಪಕರಣ ಇಳಿಸಿದೆವು. 210 ಮೀಟರ್‌ನಲ್ಲಿ ಅದು ನಿಂತಿತು. ಎತ್ತಿ ಮತ್ತೆ ಇಳಿಸಿದರೂ ಅದೇ ಜಾಗ. ಮೇಲೆ ತಂದಾಗ ಅದರ ಕೆಳತುದಿಯ ಒಂದು ಬದಿಯಲ್ಲಿ ಅರ್ಧಚಂದ್ರದಂತೆ ಹೊಳೆಯುವ ಗೀರು ಇತ್ತು, ಅಲ್ಲಿ ಮೆತ್ತಿಕೊಂಡಿದ್ದದ್ದು ತೈಲದ ಮರಳಲ್ಲ, ಬೂದುಬಣ್ಣದ ಜೇಡಿ. ಕೇಸಿಂಗ್ ಕಳಚಿ ಪಕ್ಕಕ್ಕೆ ಸರಿದು, ಮೇಲಿನ ಜೇಡಿಪದರ ಬಾವಿಯೊಳಕ್ಕೆ ಇಣುಕಿತ್ತು. ಆ ಬಾವಿಯನ್ನು ಮುಚ್ಚಿದೆವು. ಮುಚ್ಚಲು ಆದ ಖರ್ಚಿನ ಬಗ್ಗೆ ಆಮೇಲೆ ಯಾರೂ ಮಾತೆತ್ತಲಿಲ್ಲ.

ಸಿಮೆಂಟಿನ ಕಥೆಯೂ ಹಾಗೆಯೇ. ಸಾಮಾನ್ಯ ಬಾವಿ ಸಿಮೆಂಟು 110 ಡಿಗ್ರಿ ದಾಟಿದರೆ ಬಲ ಕಳೆದುಕೊಂಡು ರಂಧ್ರಮಯವಾಗುತ್ತದೆ. ಹಬೆಯ ಬಾವಿಗೆ ಶೇಕಡಾ 35ರಿಂದ 40ರಷ್ಟು ಸಿಲಿಕಾ ಪುಡಿ ಬೆರೆಸಿದ ಸಿಮೆಂಟು ಬೇಕು, ಅದು ತಳದಿಂದ ನೆಲಮಟ್ಟದವರೆಗೂ ತುಂಬಿರಬೇಕು. ಮೂವತ್ತು ವರ್ಷದ ಹಿಂದೆ ಶಾಖದ ಯೋಚನೆಯೇ ಇಲ್ಲದೆ ಕಟ್ಟಿದ ಬಾವಿಯಲ್ಲಿ ಇವೆರಡನ್ನೂ ನಿರೀಕ್ಷಿಸುವುದು ತಪ್ಪು. ಹಬೆಗೆ ಹೊಸ ಬಾವಿಯನ್ನೇ ಕೊರೆಯಿರಿ. ಹಳೆಯವುಗಳಲ್ಲಿ ಗಟ್ಟಿಯಾದವನ್ನು ತಾಪಮಾನ ಅಳೆಯಲು ಇಟ್ಟುಕೊಳ್ಳಿ, ಉಳಿದವನ್ನು ಹಬೆ ಬಿಡುವ ಮೊದಲೇ ಸರಿಯಾಗಿ ಮುಚ್ಚಿಸಿ.

ನೆಲದಮೇಲೆ:

ಕೊನೆಯ ಸಾಲನ್ನು ಕೆಳಗೆರೆ ಎಳೆದು ಓದಬೇಕು. ಹಳೆಯ ನಿಕ್ಷೇಪದಲ್ಲಿ ದಾಖಲೆಯಲ್ಲಿಲ್ಲದ, ಅರೆಬರೆ ಮುಚ್ಚಿದ ಬಾವಿಗಳಿದ್ದೇ ಇರುತ್ತವೆ, ಹಬೆಗೆ ಅವೇ ಸಿದ್ಧವಾದ ಚಿಮಣಿಗಳು. 2013ರಲ್ಲಿ ಕೆನಡಾದ ಆಲ್ಬರ್ಟಾದ ಪ್ರಿಮ್‌ರೋಸ್‌ನಲ್ಲಿ ಅಧಿಕ ಒತ್ತಡದ ಆವರ್ತ ಹಬೆ ನಡೆಯುತ್ತಿದ್ದ ಕಡೆ ನಾಲ್ಕು ಸ್ಥಳಗಳಲ್ಲಿ ತೈಲ ನೆಲದ ಮೇಲೆ ಜಿನುಗಿತು. 2019ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ, ಕಲ್ಲು ಬಿರಿಯುವಷ್ಟು ಒತ್ತಡದಲ್ಲಿ ಹಬೆ ತುಂಬಿಸುವ ಹೊಸ ಬಾವಿಗಳಿಗೆ ಅನುಮತಿ ನಿಲ್ಲಿಸಿತು. ಪಶ್ಚಿಮಭಾಗದಲ್ಲಿ 10 ಬಾರ್ ಇರುವಾಗ ಅಷ್ಟು ಒತ್ತಡ ಬೇಕಾಗುವುದಿಲ್ಲ. ಅವಸರಕ್ಕೆ ಬಿದ್ದು ಹಬೆಯ ಪ್ರಮಾಣ ಏರಿಸಿದರೆ ಮಾತ್ರ ಅಪಾಯ.

ಇಂಗಾಲದ ಲೆಕ್ಕವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ನೈಸರ್ಗಿಕ ಅನಿಲ ಸುಟ್ಟರೆ ಸಾವಿರ ಮೆಗಾಜೂಲ್‌ಗೆ 56 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಮೂರು ಬ್ಯಾರೆಲ್ ಹಬೆಗೆ ಸುಮಾರು 75 ಕಿಲೋಗ್ರಾಂ. ಆ ತೈಲವನ್ನು ಮುಂದೆ ಯಾರೋ ಸುಟ್ಟಾಗ ಬರುವ 430 ಕಿಲೋಗ್ರಾಂ ಬೇರೆ. ಏಳೆಂಟು ಬ್ಯಾರೆಲ್ ಹಬೆಯ ಪೂರ್ವಭಾಗದಲ್ಲಿ ಇದು ಇನ್ನೂರರ ಹತ್ತಿರ ಹೋಗುತ್ತದೆ. ಹಳೆಯ ನಿಕ್ಷೇಪದಿಂದ ಹೆಚ್ಚು ತೈಲ ತೆಗೆಯುವುದು ಹೊಸ ನೆಲ ಕೊರೆಯುವುದಕ್ಕಿಂತ ಮೇಲು ಎಂದು ವಾದಿಸುವವರು ಈ ಅಂಕಿಯನ್ನು ಬಚ್ಚಿಡುವುದುಂಟು.

ಓಮಾನಿನ ಅಮಲ್ ನಿಕ್ಷೇಪದಲ್ಲಿ ಬಿಸಿಲಿನಿಂದ ಹಬೆ ಮಾಡಿದರು: ಧೂಳು ಕೂರದಂತೆ ಗಾಜಿನ ಮನೆಯೊಳಗೆ ಕನ್ನಡಿಗಳನ್ನು ತೂಗುಹಾಕಿ ನೀರಿನ ಕೊಳವೆಗಳಿಗೆ ಬಿಸಿಲು ಹಾಯಿಸಿದರು. 2013ರಲ್ಲಿ 7 ಮೆಗಾವಾಟ್ ಉಷ್ಣದ ಪ್ರಯೋಗ, 2015ರಲ್ಲಿ ಸಾವಿರ ಮೆಗಾವಾಟ್ ಮೀರಿದ ಮಿರಾಹ್ ಯೋಜನೆಯ ಘೋಷಣೆ. ರಾತ್ರಿ ಹಬೆ ನಿಲ್ಲುತ್ತದಲ್ಲ ಎಂಬ ಆಕ್ಷೇಪಕ್ಕೆ ಬಾಯ್ಲರ್‌ಮನೆಯವರೇ ಉತ್ತರ ಹೇಳಿಬಿಟ್ಟಿದ್ದಾರೆ, ಕಲ್ಲು ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಕನ್ನಡಿ ಒದಗಿಸುತ್ತಿದ್ದ ಕಂಪನಿ 2020ರಲ್ಲಿ ಮುಚ್ಚುವ ಸ್ಥಿತಿಗೆ ಬಂತು. ತಂತ್ರ ಒಳ್ಳೆಯದು, ಮೊದಲೇ ಸುರಿಯಬೇಕಾದ ಬಂಡವಾಳ ಭಾರವಾದದ್ದು.

ಮಂದತೈಲ:

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಕಲ್ಲುಪದರ ಅವರ ಲೆಕ್ಕವನ್ನು ನಮ್ಮ ಅಂಕಿಗಳೊಂದಿಗೆ ಮತ್ತೆ ಮಾಡಿ ವಿಭಾಗದ ಸಭೆಯಲ್ಲಿಟ್ಟೆ. ಪೂರ್ವಭಾಗದ ಪರ ಇದ್ದ ಹಿರಿಯರೊಬ್ಬರು ಅದನ್ನು ಎರಡು ಸಲ ಓದಿ, ನೀರು ತುಂಬಿಸುವುದನ್ನು ನಿಲ್ಲಿಸಿ ಅಲ್ಲಿಯೂ ಒತ್ತಡ ಇಳಿಸಿದರೆ ಆಗುವುದಿಲ್ಲವೇ ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಸದ್ಯಕ್ಕೆ ಪಶ್ಚಿಮಭಾಗದಲ್ಲಿ ನಾಲ್ಕು ಹೊಸ ಬಾವಿ ಕೊರೆದು ಆವರ್ತ ಹಬೆಯಿಂದ ಆರಂಭಿಸುವುದು, ಬಾವಿಗಳ ನಡುವೆ ಶಾಖ ಕೂಡಿಕೊಂಡ ಮೇಲೆ ಒಂದು ಕಡೆಯಿಂದ ಹಬೆ ತಳ್ಳುವ ಯೋಚನೆ ಮಾಡುವುದು ಎಂದು ಟಿಪ್ಪಣಿ ಬರೆದಿದ್ದೇನೆ.

ಕಲ್ಲುಪದರ:

ಹಿರಿಯರ ಪ್ರಶ್ನೆ ಒಳ್ಳೆಯದು. ಒತ್ತಡ ಇಳಿದರೆ 270 ಡಿಗ್ರಿಯ ಅಗತ್ಯ ತಪ್ಪುತ್ತದೆ, ಲೆಕ್ಕದ ಭಾರ ಬಹಳಷ್ಟು ಇಳಿಯುತ್ತದೆ. ಆದರೆ ಒತ್ತಡ ಇಳಿಸಲು ಆ ನೀರನ್ನೆಲ್ಲ ಎತ್ತಿ ಹಾಕಬೇಕು, ಮತ್ತು ಎತ್ತಿದ ಮೇಲೂ ತೈಲದ ಪಾಲು 40 ಆಗಿಯೇ ಉಳಿಯುತ್ತದೆ. ಆ 40 ಎಂಬುದು ಅಂದಾಜು ಎಂದು ನೀವೇ ಹೇಳಿದಿರಿ. ಪೂರ್ವಭಾಗದಲ್ಲಿ ಒಂದೇ ಒಂದು ಬಾವಿ ಕೊರೆದು, ಪದರದ ಪೂರ್ತಿ 18 ಮೀಟರ್ ಕಲ್ಲಿನ ಕೋರ್ (ಕಂಬದಂತೆ ಕೊರೆದು ತೆಗೆದ ಮಾದರಿ) ಮೇಲೆ ತೆಗೆಸಿ ನೋಡಿ. ನೀರು ಸಾಮಾನ್ಯವಾಗಿ ಪದರದ ತಳಭಾಗವನ್ನೇ ಹಿಡಿದು ಓಡಿರುತ್ತದೆ. ಮೇಲಿನ ಎಂಟು ಹತ್ತು ಮೀಟರ್‌ನಲ್ಲಿ ತೈಲದ ಪಾಲು ಇನ್ನೂ ಶೇಕಡಾ 55 ಇದ್ದರೆ ನನ್ನ ಪೂರ್ವಭಾಗದ ಲೆಕ್ಕವನ್ನು ನಾನೇ ಹರಿದುಹಾಕುತ್ತೇನೆ, ಏಕೆಂದರೆ ಹಬೆ ಹಗುರವಾದ್ದರಿಂದ ತಾನಾಗಿ ಏರಿ ಸೇರುವುದು ಆ ಮೇಲಿನ ಭಾಗಕ್ಕೇ.

ಹಳೇಕೇಸಿಂಗ್:

ಆ ನಾಲ್ಕು ಹೊಸ ಬಾವಿಗಳ ಕೇಸಿಂಗ್ ದರ್ಜೆ, ಜೋಡಣೆಯ ಮರೆಗಳ ಬಗೆ, ಸಿಮೆಂಟಿನ ಮಿಶ್ರಣ ಮೂರನ್ನೂ ಟಿಪ್ಪಣಿಯಲ್ಲಿ ಸೇರಿಸಿ. ಖರೀದಿ ವಿಭಾಗದವರು ಬರೆದಿಲ್ಲದ್ದನ್ನು ಅಗ್ಗದಲ್ಲಿ ತರುತ್ತಾರೆ.